ಶಿರಾಡಿ ಇಳಿದಾಗ ತಪ್ಪಿದ ಪೆಟ್ರೋಲ್ ಲೆಕ್ಕ

ನನ್ನ ಹಳೇ ಮಾರುತಿ ಎಸ್ಟೀಮ್‌ನ 1298 ಸಿಸಿ ಎಂಜಿನ್‌ಗೆ ಬೈಕಿನ ನಾಲ್ಕು ಥ್ರಾಟಲ್ ಬಾಡಿ (ಪೆಡಲ್ ಒತ್ತಿದಂತೆ ತೆರೆದು ಗಾಳಿ ಒಳಬಿಡುವ ಕವಾಟ) ಸಿಲಿಂಡರಿಗೊಂದರಂತೆ ಕೂರಿಸಿ, ಪೆಟ್ರೋಲ್ ಅಳೆದು ಕೊಡುವ ಕಂಪ್ಯೂಟರ್ ಆಗಿ ಮೆಗಾಸ್ಕ್ವಿರ್ಟ್ 3 ಇಸಿಯು ಹಾಕಿದೆ. ಟ್ಯೂನಿಂಗಿಗೆ ಕೂತಾಗ ಮೊದಲು ತೀರ್ಮಾನಿಸಬೇಕಾಗಿದ್ದು ಒಂದೇ: ಸಿಲಿಂಡರಿಗೆ ಎಷ್ಟು ಗಾಳಿ ಹೋಯಿತು ಅಂತ ಇಸಿಯು ಯಾವುದನ್ನು ನೋಡಿ ತಿಳಿಯಬೇಕು?

ಮೊದಲು ಸ್ಪೀಡ್ ಡೆನ್ಸಿಟಿ ಎಂಬ ವಿಧಾನ ಇಟ್ಟೆ. ಮ್ಯಾನಿಫೋಲ್ಡ್ (ಥ್ರಾಟಲಿನಿಂದ ಸಿಲಿಂಡರಿಗೆ ಹೋಗುವ ಗಾಳಿಕೊಳವೆ) ಒಳಗಿನ ಒತ್ತಡ, ಗಾಳಿಯ ಉಷ್ಣತೆ, ಆರ್‌ಪಿಎಂ, ಇಷ್ಟರಿಂದ ಗಾಳಿಯ ತೂಕ ಸಿಗುತ್ತದೆ. 100 ಕಿಲೋಪಾಸ್ಕಲ್, 25 ಡಿಗ್ರಿಯಲ್ಲಿ ನನ್ನ ಒಂದು ಸಿಲಿಂಡರ್ ಪೂರ್ತಿ ತುಂಬಿದರೆ ಸುಮಾರು 0.38 ಗ್ರಾಂ ಗಾಳಿ, ಶೇ. 80 ತುಂಬಿದರೆ 0.30 ಗ್ರಾಂ. ಗಾಳಿ 14.7ಕ್ಕೆ ಪೆಟ್ರೋಲ್ 1ರ ಲೆಕ್ಕದಲ್ಲಿ ಅದಕ್ಕೆ 20 ಮಿಲಿಗ್ರಾಂ ಚಿಲ್ಲರೆ ಪೆಟ್ರೋಲ್ ಬೇಕು. ನಿಮಿಷಕ್ಕೆ 200 ಸಿಸಿ ಹರಿಸುವ ಇಂಜೆಕ್ಟರ್ 8 ಮಿಲಿಸೆಕೆಂಡಿಗಿಂತ ಸ್ವಲ್ಪ ಹೆಚ್ಚು ತೆರೆದಿರಬೇಕು. ಒಂದೇ ಥ್ರಾಟಲ್ ಇರುವ ಕಾರಿಗೆ ನಾನು ಈಗಲೂ ಇದನ್ನೇ ಹಾಕೋದು.

ಆದರೆ ಸಿಲಿಂಡರಿಗೊಂದು ಥ್ರಾಟಲ್ ಇದ್ದಾಗ ಒತ್ತಡದ ಸಿಗ್ನಲ್ ನಂಬಿಕೆಗೆ ಬರಲಿಲ್ಲ. ಐಡಲ್‌ನಲ್ಲಿ 55ರಿಂದ 72 ಕಿಲೋಪಾಸ್ಕಲ್ ವರೆಗೆ ಕುಣಿಯುತ್ತಿತ್ತು. ಪೆಡಲ್ 20% ಒತ್ತುವಷ್ಟರಲ್ಲಿ 87 ಮುಟ್ಟುತ್ತಿತ್ತು. ಬೆಂಗಳೂರಿನ ಹೊರಗಾಳಿಯ ಒತ್ತಡವೇ ಸುಮಾರು 91! ಅಂದರೆ ಪೆಡಲಿನ ಉಳಿದ 80% ಆಟವೆಲ್ಲ ಒತ್ತಡಕ್ಕೆ ತಕ್ಕ ಅಂಕಿ ತುಂಬಿಡುವ ಇಸಿಯು ಕೋಷ್ಟಕದ ಮೇಲ್ತುದಿಯ ಒಂದೆರಡು ಸಾಲಿನಲ್ಲಿ ಮುಗಿಯಬೇಕು. ಎಷ್ಟು ತಿದ್ದಿದರೂ ಗಾಡಿ ಮುಗ್ಗರಿಸೋದು ನಿಲ್ಲಲಿಲ್ಲ.

ಆಲ್ಫಾ-ಎನ್ ಎಂಬ ಇನ್ನೊಂದು ವಿಧಾನಕ್ಕೆ ಬದಲಾಯಿಸಿದೆ. ಇಲ್ಲಿ ಥ್ರಾಟಲ್ ಕೋನ ಮತ್ತು ಆರ್‌ಪಿಎಂ ಅಷ್ಟೇ. ಎರಡು ಭಾನುವಾರದಲ್ಲಿ ಎಂಜಿನ್ ಬೆಣ್ಣೆಯಂತೆ ಓಡತೊಡಗಿತು. ಫುಲ್ ಥ್ರಾಟಲ್‌ನಲ್ಲಿ ಲ್ಯಾಂಬ್ಡಾ (ಆ 14.7ರ ಲೆಕ್ಕಕ್ಕೆ ಹೋಲಿಸಿದ ಗಾಳಿ-ಪೆಟ್ರೋಲ್ ಅನುಪಾತ; 1ಕ್ಕಿಂತ ಕಡಿಮೆಯಾದಷ್ಟೂ ಪೆಟ್ರೋಲ್ ಹೆಚ್ಚು) 0.87ರಲ್ಲಿ ನಿಂತಿತು. (ಎಸಿ, ಐಡಲ್ ವಾಲ್ವ್ ಎರಡನ್ನೂ ತೆಗೆದಿದ್ದೆ. ಅವು ಇರುವ ಕಾರಿಗೆ ಈ ವಿಧಾನ ಬೇಡ ಅಂತಲೇ ಹೇಳುತ್ತೇನೆ. ಪೆಡಲ್ ಅಲುಗದೆ ಒಳಬರುವ ಗಾಳಿ ಇದಕ್ಕೆ ಕಾಣೋದೇ ಇಲ್ಲ.)

ಆಮೇಲೆ ಮಂಗಳೂರಿಗೆ ಹೊರಟೆ. ಸಕಲೇಶಪುರದಲ್ಲಿ ತಿಂಡಿ ತಿಂದು ಗಾಡಿ ಸ್ಟಾರ್ಟ್ ಮಾಡಿದವನು ಶಿರಾಡಿ ಘಾಟಿ ಪೂರ್ತಿ ಎಲ್ಲೂ ಆಫ್ ಮಾಡದೆ ಇಳಿದೆ. ಗುಂಡ್ಯ ದಾಟಿದ ಮೇಲೆ ಒಂದು ಏರಿನಲ್ಲಿ ಲಾರಿ ಹಿಂದಿಕ್ಕಲು ಪೆಡಲ್ ಪೂರ್ತಿ ಒತ್ತಿದರೆ ಲ್ಯಾಂಬ್ಡಾ ಗೇಜು 0.96 ತೋರಿಸಿತು, ಅಂದರೆ ಪೆಟ್ರೋಲ್ ಕಡಿಮೆಯಾಗಿತ್ತು, ಜೊತೆಗೆ ಬಾನೆಟ್ ಒಳಗಿಂದ ಕಣಕಣ ಸದ್ದು. ನಾಕಿಂಗ್, ಅಂದರೆ ಸಿಲಿಂಡರಿನೊಳಗೆ ಪೆಟ್ರೋಲ್ ಅಡ್ಡಾದಿಡ್ಡಿ ಸಿಡಿಯೋದು! ತಕ್ಷಣ ಕಾಲು ತೆಗೆದೆ. ಎದೆ ಧಸಕ್ಕೆಂದಿತ್ತು.

ನೆಲ್ಯಾಡಿಯಲ್ಲಿ ಚಹಾಕ್ಕೆ ನಿಲ್ಲಿಸಿ, ಮತ್ತೆ ಸ್ಟಾರ್ಟ್ ಮಾಡಿ ಹೊರಟರೆ ಲ್ಯಾಂಬ್ಡಾ ತಾನಾಗಿ 0.88ಕ್ಕೆ ಮರಳಿತ್ತು. ಆಗ ಹೊಳೆಯಿತು. ಬ್ಯಾರೋ ಕರೆಕ್ಷನ್‌ಗೆ (ಹೊರಗಾಳಿಯ ಒತ್ತಡಕ್ಕೆ ತಕ್ಕಂತೆ ಪೆಟ್ರೋಲ್ ತಿದ್ದೋದು) ನಾನು ಆರಿಸಿದ್ದು, ಕೀ ಆನ್ ಮಾಡಿದಾಗ ಮ್ಯಾನಿಫೋಲ್ಡಿನ ಮ್ಯಾಪ್ (ಒತ್ತಡದ) ಸೆನ್ಸರ್ ಒಮ್ಮೆ ಮಾತ್ರ ಓದುವ ಒತ್ತಡವನ್ನು. ಇಸಿಯು ಇನ್ನೂ ಸಕಲೇಶಪುರದ ಗಾಳಿಯಲ್ಲೇ ಇತ್ತು. ಎಂಜಿನ್ ಮಾತ್ರ ಶೇ. 10ರಷ್ಟು ಹೆಚ್ಚು ಒತ್ತಡದ ಕರಾವಳಿ ಗಾಳಿ ಕುಡಿಯುತ್ತಿತ್ತು. ಸ್ಪೀಡ್ ಡೆನ್ಸಿಟಿಯಲ್ಲಿ ಈ ವ್ಯತ್ಯಾಸ ಒತ್ತಡದ ಸಿಗ್ನಲಿನಲ್ಲೇ ಬಂದುಬಿಡುತ್ತದೆ. ಆಲ್ಫಾ-ಎನ್‌ಗೆ ಯಾರಾದರೂ ಹೇಳಬೇಕು. ಘಾಟಿ ಹತ್ತುವಾಗ ಇದೇ ತಪ್ಪು ತಿರುಗಿ ಎಂಜಿನ್ ರಿಚ್ ಆಗುತ್ತದೆ, ಅಂದರೆ ಪೆಟ್ರೋಲ್ ಹೆಚ್ಚಾಗುತ್ತದೆ. ಪ್ಲಗ್ ಕಪ್ಪಾಗಬಹುದು, ಪಿಸ್ಟನ್ ಹೋಗೋದಿಲ್ಲ. ಇಳಿಯೋದೇ ಅಪಾಯ.

ಗಾಳಿಯ ತೂಕವನ್ನು ನೇರವಾಗಿ ಅಳೆಯುವ ಮ್ಯಾಫ್ ಸೆನ್ಸರ್ ಹಾಕೋಣವೇ ಎಂದೂ ಯೋಚಿಸಿದೆ. ಎತ್ತರದ ತಲೆನೋವು ಅದಕ್ಕಿಲ್ಲ. ಆದರೆ ನಾಲ್ಕು ಥ್ರಾಟಲಿನ ತುತ್ತೂರಿಯಂಥ ಬಾಯಿಗೂ ಸೇರಿ ಒಂದು ಗಾಳಿಪೆಟ್ಟಿಗೆ ಕಟ್ಟಬೇಕು. ಎಂಜಿನ್ ಹಿಂದಕ್ಕೆ ಉಗುಳಿದ ಗಾಳಿಯನ್ನೂ ಮ್ಯಾಫ್ ಎಣಿಸಿಬಿಡುತ್ತದೆ. ಕಂಪನಿಯಿಂದಲೇ ಮ್ಯಾಫ್ ಇರುವ ಕಾರಾದರೆ ಅದನ್ನು ಕೀಳಬೇಡಿ.

ನಾನು ಮಾಡಿದ್ದು ಇಷ್ಟು: ಇನ್ನೊಂದು ಒತ್ತಡದ ಸೆನ್ಸರನ್ನು ಹೊರಗಾಳಿಗೆ ತೆರೆದಿಟ್ಟು ಡ್ಯಾಶಿನ ಕೆಳಗೆ ಕೂರಿಸಿದೆ, ಬ್ಯಾರೋ ಸೆಟ್ಟಿಂಗನ್ನು ಎರಡು ಪ್ರತ್ಯೇಕ ಸೆನ್ಸರ್‌ಗೆ ಬದಲಾಯಿಸಿದೆ. ಮುಂದಿನ ಸಲ ಘಾಟಿಯನ್ನು ಒಂದೇ ಉಸಿರಿಗೆ ಇಳಿದೆ. ಲಾಗ್‌ನಲ್ಲಿ ಬ್ಯಾರೋ ಗೆರೆ 91ರಿಂದ 100ಕ್ಕೆ ನಿಧಾನವಾಗಿ ಏರಿತ್ತು. ಅದೇ ಏರಿನಲ್ಲಿ, ಫುಲ್ ಥ್ರಾಟಲ್‌ನಲ್ಲಿ, ಲ್ಯಾಂಬ್ಡಾ 0.87.