ಆರತಿ ನೀರಿನ ಬಣ್ಣದಲ್ಲಿ ಜೀವಕೋಶದ ಪಾಠ

‘ಸರ್, ಆನೆಯ ಜೀವಕೋಶ ಇಲಿಯದಕ್ಕಿಂತ ದೊಡ್ಡದಾ?’ ಒಂಬತ್ತನೇ ತರಗತಿಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ, ಆನೆಯಲ್ಲಿ ಲೆಕ್ಕ ಜಾಸ್ತಿ ಅಂತ ಹೇಳಿ ಮುಂದೆ ಹೋಗುತ್ತಿದ್ದೆ. ಯಾಕೆ ಹಾಗೆ ಅನ್ನುವುದನ್ನು ಕಣ್ಣಿಗೇ ಕಾಣಿಸಬಹುದು ಎಂದು ಹೊಳೆದದ್ದು ಮನೆಯಲ್ಲಿ ಆರತಿ ನೀರು ಕಲಸುವಾಗ. ಅರಿಶಿನಕ್ಕೆ ಸುಣ್ಣ ಸೇರಿದರೆ ಕೆಂಪು, ಹುಳಿ ಬಿದ್ದರೆ ಮತ್ತೆ ಹಳದಿ.

ಅಂಗಡಿಯಿಂದ ಚೈನಾ ಗ್ರಾಸ್, ಅಂದರೆ ಜೆಲ್ಲಿ ಕಟ್ಟಿಸಲು ಬಳಸುವ ಅಗರ್, ತಂದೆ. ಮೊದಲ ಸಲ ಅರಿಶಿನ, ಸುಣ್ಣ ಎರಡನ್ನೂ ಅದರ ಜೊತೆಗೇ ಕುದಿಸಿ ಬಣ್ಣವೆಲ್ಲ ಕಂದಿ ಹೋಯಿತು. ಆಮೇಲೆ ಚೈನಾ ಗ್ರಾಸನ್ನು ಮಾತ್ರ ಕುದಿಸಿ, ಇಳಿಸಿ, ಅರಿಶಿನ ಕದಡಿ, ಕೊನೆಗೆ ಸುಣ್ಣದ ತಿಳಿನೀರನ್ನು ಉಗುರುಬೆಚ್ಚಗೆ ಮಾಡಿ ಸೇರಿಸಿದೆ. ತಣ್ಣನೆಯದನ್ನು ಸುರಿದರೆ ಗಂಟು ಕಟ್ಟುತ್ತದೆ. ತಟ್ಟೆಯಲ್ಲಿ ಹೆಪ್ಪುಗಟ್ಟಿದ ಮೇಲೆ 1, 2, 3 ಸೆಂ.ಮೀ. ಬದಿಯ ಘನಗಳನ್ನು ಕತ್ತರಿಸಿ ಮೂರನ್ನೂ ಒಟ್ಟಿಗೆ ವಿನೆಗರ್‌ನಲ್ಲಿ ಮುಳುಗಿಸಿದೆವು.

ಹತ್ತು ನಿಮಿಷಕ್ಕೆ ತೆಗೆದು ಬ್ಲೇಡಿನಿಂದ ಸೀಳಿದಾಗ ಮೂರರಲ್ಲೂ ಹಳದಿ ಅಂಚು ಒಂದೇ ದಪ್ಪ, ಸುಮಾರು 3 ಮಿ.ಮೀ. ಹುಳಿ ಎಲ್ಲಕ್ಕೂ ಒಂದೇ ವೇಗದಲ್ಲಿ ಇಳಿದಿತ್ತು. ಮಕ್ಕಳು ಲೆಕ್ಕ ಹಾಕಿದರು: ಚಿಕ್ಕದರಲ್ಲಿ ಕೆಂಪು ಉಳಿದದ್ದು ನೂರಕ್ಕೆ 6 ಪಾಲು, ನಡುವಿನದರಲ್ಲಿ 34, ದೊಡ್ಡದರಲ್ಲಿ 51. ಆ ಹುಳಿಯೇ ಆಮ್ಲಜನಕ ಅಂದುಕೊಳ್ಳಿ ಎಂದೆ. ಹಿಂದಿನ ಬೆಂಚಿನ ಹುಡುಗಿ ದೊಡ್ಡ ಘನದ ಕೆಂಪು ನಡುವನ್ನು ಬೆರಳಲ್ಲಿ ಮುಟ್ಟಿ, ‘ಹಾಗಾದ್ರೆ ಇದು ಉಪವಾಸ ಸಾಯುತ್ತೆ’ ಅಂದಳು. ನಾನು ಹೇಳಬೇಕೆಂದಿದ್ದ ಮಾತು ಅದೇ. ಕೋಶಕ್ಕೆ ಬೇಕಾದದ್ದೆಲ್ಲ ಹೊರಪೊರೆಯ ಮೂಲಕವೇ ಬರಬೇಕು. ಬದಿ ಎರಡರಷ್ಟಾದರೆ ಹೊರಮೈ ನಾಲ್ಕರಷ್ಟು, ಒಳಗಿನ ಗಾತ್ರ ಎಂಟರಷ್ಟು. ಕಾಯುವುದಕ್ಕೂ ಪುರಸೊತ್ತಿಲ್ಲ: ತಾನಾಗಿ ಹರಡುವ ವಸ್ತುವಿಗೆ ಎರಡರಷ್ಟು ದೂರ ಸಾಗಲು ಸುಮಾರು ನಾಲ್ಕರಷ್ಟು ಹೊತ್ತು ಹಿಡಿಯುತ್ತದೆ. ಅದಕ್ಕೇ ಕೋಶಗಳು ಚಿಕ್ಕವು: ನಮ್ಮ ಕೆಂಪು ರಕ್ತಕಣದ ಅಗಲ 7-8 ಮೈಕ್ರೋಮೀಟರ್, ಅದೂ ಬಿಲ್ಲೆಯಂತೆ ತೆಳು.

ಆ ತೆಳುವಿನಲ್ಲೇ ಗುಟ್ಟಿದೆ. 4 ಸೆಂ.ಮೀ. ಉದ್ದ, 4 ಅಗಲ, ಅರ್ಧ ದಪ್ಪದ ಹಲಗೆಯೊಂದನ್ನೂ ಕತ್ತರಿಸಿದ್ದೆ. ಗಾತ್ರ 8 ಘನ ಸೆಂ.ಮೀ., ಅಂದರೆ 2 ಸೆಂ.ಮೀ. ಘನದಷ್ಟೇ. ಹತ್ತೇ ನಿಮಿಷದಲ್ಲಿ ಅದು ಪೂರ್ತಿ ಹಳದಿ! ನರಕೋಶ ಅಷ್ಟು ಉದ್ದವಿದ್ದೂ ಬದುಕುವುದು ಎಳೆಯಂತೆ ಸಣ್ಣಗಿರುವುದರಿಂದ ಎಂದು ಆಮೇಲೆ ವಿವರಿಸುವುದು ಸುಲಭವಾಯಿತು. ಕೋಳಿಮೊಟ್ಟೆಯ ಹಳದಿ ಭಾಗ ಒಂದೇ ಕೋಶವಲ್ಲವಾ ಅಂತ ಒಬ್ಬ ಕೇಳಿದ. ಹೌದು, ಆದರೆ ಅದರಲ್ಲಿ ಬಹುಪಾಲು ಕೂಡಿಟ್ಟ ಆಹಾರ. ಚಟುವಟಿಕೆ ನಡೆಯುವುದು ಮೇಲಿನ ಪುಟ್ಟ ಬಿಳಿ ಚುಕ್ಕೆಯಲ್ಲಿ.

ಕೊನೆಗೆ ಇನ್ನೊಂದು 3 ಸೆಂ.ಮೀ. ಘನವನ್ನು ಮಕ್ಕಳ ಕೈಗೇ ಕೊಟ್ಟು 27 ತುಂಡು ಮಾಡಿಸಿದೆ. ಹೊರಮೈ 54 ಚದರ ಸೆಂ.ಮೀ. ಇದ್ದದ್ದು 162 ಆಯಿತು. ಎಲ್ಲವನ್ನೂ ವಿನೆಗರ್‌ಗೆ ಹಾಕಿ ಗಡಿಯಾರ ನೋಡುತ್ತ ಕೂತೆವು. ಹದಿನೈದು ನಿಮಿಷವಾದ ಮೇಲೆ ಒಂದೊಂದನ್ನೇ ಸೀಳಿ ನೋಡಿದರೂ ಯಾವುದರಲ್ಲೂ ಕೆಂಪು ಸಿಗಲಿಲ್ಲ. ಕೋಶವಿಭಜನೆಯ ಪಾಠವನ್ನು ಆ ತುಂಡುಗಳನ್ನು ಮೇಜಿನ ಮೇಲಿಟ್ಟುಕೊಂಡೇ ಶುರುಮಾಡಿದೆ.