ಶಾಲೆ ಸುಧಾರಣೆಗೆ ಸಲಹೆ ಇದೆಯಾ? ಹಾಗಾದರೆ ಅದಕ್ಕೊಂದು ವಿಳಾಸ ಹಾಕಿ

ನಮ್ಮ ದೇಶದ ಶಾಲೆಗಳು ಹೇಗಿರಬೇಕು ಅಂತ ಕೇಳಿದರೆ ಎಲ್ಲರ ಹತ್ತಿರವೂ ಉತ್ತರ ರೆಡಿ ಇರುತ್ತದೆ. ಬಾಯಿಪಾಠ ಹೋಗಬೇಕು, ಬ್ಯಾಗಿನ ತೂಕ ಇಳಿಯಬೇಕು, ಶಿಕ್ಷಣಕ್ಕೆ ಇನ್ನೂ ಜಾಸ್ತಿ ದುಡ್ಡು ಇಡಬೇಕು. ಈ ಕೊನೆಯದನ್ನೇ ನೋಡಿ. ರಾಷ್ಟ್ರೀಯ ಆದಾಯದ ಶೇ 6ರಷ್ಟನ್ನು ಶಿಕ್ಷಣಕ್ಕೆ ಇಡಬೇಕು ಅಂತ 1966ರಲ್ಲೇ ಕೊಠಾರಿ ಆಯೋಗ ಹೇಳಿತು, 1968ರ ರಾಷ್ಟ್ರೀಯ ಶಿಕ್ಷಣ ನೀತಿ ಅದನ್ನೇ ಹೇಳಿತು, 2020ರ ನೀತಿಯಲ್ಲೂ ಅದೇ ಶೇ 6 ಇದೆ. ಸಲಹೆಯಲ್ಲಿ ತಪ್ಪೇನಿಲ್ಲ. ಯಾರು ಮಾಡಬೇಕು, ಯಾವ ವರ್ಷದೊಳಗೆ, ಯಾವ ಬಾಬ್ತಿನಿಂದ ಅನ್ನುವುದು ಮಾತ್ರ ಗಟ್ಟಿಯಾಗಲೇ ಇಲ್ಲ, ಅದಕ್ಕೇ ಅದು ಇಷ್ಟು ವರ್ಷ ಸಲಹೆಯಾಗಿಯೇ ಉಳಿದಿದೆ.

ಹಾಗಾಗಿ ಈ ಬರಹ ಏನು ಸುಧಾರಿಸಬೇಕು ಅನ್ನುವುದರ ಬಗ್ಗೆ ಅಲ್ಲ. ನಿಮ್ಮ ತಲೆಯಲ್ಲಿರುವ ಸಲಹೆಯನ್ನು ಯಾರಾದರೂ ಉತ್ತರ ಕೊಡಲೇಬೇಕಾದ ಪ್ರಸ್ತಾವನೆಯಾಗಿ ಮಾಡುವುದು ಹೇಗೆ ಅನ್ನುವುದರ ಬಗ್ಗೆ.

ಮೊದಲು, ಇದು ಯಾರ ಕೆಲಸ ಅಂತ ಗೊತ್ತು ಮಾಡಿಕೊಳ್ಳಿ. 1976ರ 42ನೇ ತಿದ್ದುಪಡಿಯಿಂದ ಶಿಕ್ಷಣ ಸಮವರ್ತಿ ಪಟ್ಟಿಗೆ ಬಂತು, ಅಂದರೆ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದು. ಆದರೆ ನಮ್ಮ ಊರಿನ ಸರ್ಕಾರಿ ಶಾಲೆಯ ಮಟ್ಟಿಗೆ ಶಿಕ್ಷಕರ ನೇಮಕ, ವರ್ಗಾವಣೆ, ಪಠ್ಯಪುಸ್ತಕ ಎಲ್ಲ ರಾಜ್ಯದ ಕೈಯಲ್ಲಿದೆ. ಸಮಗ್ರ ಶಿಕ್ಷಣ ಯೋಜನೆಯ ದುಡ್ಡಿನಲ್ಲಿ ಕೇಂದ್ರದ್ದು 60, ರಾಜ್ಯದ್ದು 40 ಪಾಲು. ಶಾಲೆಯ ದಿನನಿತ್ಯದ ವಿಷಯ ಮುಖ್ಯ ಶಿಕ್ಷಕರು ಮತ್ತು ಎಸ್‌ಡಿಎಂಸಿಯದ್ದು (ಪೋಷಕರೇ ಹೆಚ್ಚಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ), ಅದರ ಮೇಲೆ ಸುತ್ತಲಿನ ಕೆಲವು ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ, ಕ್ಷೇತ್ರ ಶಿಕ್ಷಣಾಧಿಕಾರಿ ಅಂದರೆ ಬಿಇಒ, ಜಿಲ್ಲೆಯ ಉಪನಿರ್ದೇಶಕರು ಅಂದರೆ ಡಿಡಿಪಿಐ, ಆಮೇಲೆ ಆಯುಕ್ತರ ಕಚೇರಿ. ಛಾವಣಿ ಸೋರುವುದಕ್ಕೆ ಪ್ರಧಾನಿಗೆ ಪತ್ರ ಬರೆಯುವವರೂ ಇದ್ದಾರೆ! ಅದು ಅಲ್ಲಿಂದ ಇಳಿದು ಇಳಿದು ಕೊನೆಗೆ ಅದೇ ಬಿಇಒ ಕಚೇರಿಗೆ ಬರುತ್ತದೆ, ಅಷ್ಟರಲ್ಲಿ ಮಳೆಗಾಲ ಮುಗಿದಿರುತ್ತದೆ.

ಎರಡನೆಯದು, ಹೋಗಿ ನೋಡಿ. ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು ಅರ್ಧ ದಿನ ಸುಮ್ನೆ ಹಿಂದೆ ಕೂತರೆ ಸಾಕು. ಒಬ್ಬರೇ ಶಿಕ್ಷಕರಿರುವ ಕಿರಿಯ ಪ್ರಾಥಮಿಕ ಶಾಲೆ ಅಂದುಕೊಳ್ಳಿ. ಒಂದರಿಂದ ಮೂರನೇ ತರಗತಿ ಮಕ್ಕಳು ನಲಿಕಲಿ (ಚಟುವಟಿಕೆ ಮಾಡುತ್ತ ಕಲಿಯುವ ಪದ್ಧತಿ) ಕಾರ್ಡು ಹಿಡಿದು ನೆಲದ ಮೇಲೆ ಗುಂಪು ಗುಂಪಾಗಿ ಕೂತಿರುತ್ತಾರೆ, ನಾಲ್ಕು ಮತ್ತು ಐದರವರು ಗೋಡೆಯ ಕಡೆ ಮುಖ ಮಾಡಿ ಬೋರ್ಡಿನ ಲೆಕ್ಕ ಬರೆದುಕೊಳ್ಳುತ್ತಿರುತ್ತಾರೆ. ಟೀಚರು ಒಂದು ಗುಂಪಿಗೆ ಅಕ್ಷರ ತಿದ್ದಿಸುವಾಗ ಫೋನಿಗೆ ಮೆಸೇಜ್ ಬರುತ್ತದೆ, ಯಾವುದೋ ಮಾಹಿತಿ ಹನ್ನೆರಡು ಗಂಟೆಯೊಳಗೆ ಬೇಕಂತೆ. ಅದನ್ನು ತುಂಬುವಷ್ಟರಲ್ಲಿ ಹಾಲು ಕೊಡುವ ಹೊತ್ತು, ಆಮೇಲೆ ಬಿಸಿಯೂಟದ ಅಕ್ಕಿ ಲೆಕ್ಕ. ಇದನ್ನು ಕಣ್ಣಾರೆ ನೋಡಿದ ಮೇಲೆ 'ಶಿಕ್ಷಕರಿಗೆ ತರಬೇತಿ ಸಾಲದು' ಅಂತ ಬರೆಯಲು ಕೈ ಬರುವುದಿಲ್ಲ. ಬೇಕಿರುವುದು ಇನ್ನೊಬ್ಬ ಟೀಚರು, ಅಲ್ವಾ?

ಹಾಗೆಯೇ ಐದನೇ ತರಗತಿಯ ಮಗುವಿನ ಕೈಗೆ ಎರಡನೇ ತರಗತಿಯ ಕನ್ನಡ ಪುಸ್ತಕ ಕೊಟ್ಟು ಒಂದು ಪುಟ ಓದಲು ಹೇಳಿ. ಪರೀಕ್ಷೆ ಥರ ಬೇಡ, ಕತೆ ಹೇಳು ಅನ್ನುವ ಥರ ಕೇಳಿ. ಎಷ್ಟು ಮಕ್ಕಳು ಸಲೀಸಾಗಿ ಓದಿದರು, ಎಷ್ಟು ಮಕ್ಕಳು ಅಕ್ಷರ ಕೂಡಿಸಿ ಕೂಡಿಸಿ ಓದಿದರು, ಎಷ್ಟು ಮಕ್ಕಳು ಒತ್ತಕ್ಷರ ಬಂದ ಕೂಡಲೇ ನಿಂತರು, ಇಷ್ಟು ಬರೆದಿಟ್ಟುಕೊಳ್ಳಿ. ಮಕ್ಕಳ ಹೆಸರು ಬೇಡ. ಶಾಲೆಯ ದಾಖಲಾತಿ, ಶಿಕ್ಷಕರ ಸಂಖ್ಯೆ, ಶೌಚಾಲಯದ ಮಾಹಿತಿ ಶಾಲೆಗಳ ಅಂಕಿಅಂಶ ಇಡುವ ಸರ್ಕಾರದ ಯು-ಡೈಸ್ ತಾಣದಲ್ಲಿ ಸಿಗುತ್ತದೆ. ಅದನ್ನು ಪ್ರಿಂಟ್ ತೆಗೆದು ಶಾಲೆಗೆ ಒಯ್ದು ತಾಳೆ ನೋಡಿ, ಕಾಗದದಲ್ಲಿರುವ ಶೌಚಾಲಯಕ್ಕೆ ನೀರು ಬರುತ್ತದೆಯೋ ಇಲ್ಲವೋ ಅಂತ.

ಈಗ ಕಾನೂನು. ಭಯ ಬೇಡ, 2009ರ ಶಿಕ್ಷಣ ಹಕ್ಕು ಕಾಯ್ದೆಯ ನಾಲ್ಕೈದು ಕಡೆ ಓದಿದರೆ ಸಾಕು. ಒಂದರಿಂದ ಐದನೇ ತರಗತಿಯಲ್ಲಿ ಒಟ್ಟು 60 ಮಕ್ಕಳವರೆಗೆ 2 ಶಿಕ್ಷಕರು, 61ರಿಂದ 90ರವರೆಗೆ 3 ಅಂತ ಅದರ ಅನುಸೂಚಿಯಲ್ಲಿ ಇದೆ. ಅಂದರೆ 18 ಮಕ್ಕಳಿರುವ ಶಾಲೆಗೂ ಇಬ್ಬರು ಬೇಕು. ಅದೇ ಅನುಸೂಚಿ ಐದರವರೆಗೆ ವರ್ಷಕ್ಕೆ 200 ದಿನ, ಆರರಿಂದ ಎಂಟಕ್ಕೆ 220 ದಿನ ಪಾಠ ಆಗಬೇಕು ಅನ್ನುತ್ತದೆ. ಮಂಜೂರಾದ ಶಿಕ್ಷಕರ ಹುದ್ದೆಗಳಲ್ಲಿ ಶೇ 10ಕ್ಕಿಂತ ಜಾಸ್ತಿ ಖಾಲಿ ಇರಬಾರದು ಅನ್ನುವುದು 26ನೇ ಸೆಕ್ಷನ್. ಒಂದು ಶಾಲೆಗೆ ನೇಮಕವಾದವರನ್ನು ಬೇರೆ ಶಾಲೆಗೋ ಕಚೇರಿಗೋ ಕಳಿಸಬಾರದು ಅನ್ನುವುದು 25ರಲ್ಲಿದೆ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಹಚ್ಚಬಾರದು ಅನ್ನುವುದು 27.

ಇಷ್ಟು ಕೈಯಲ್ಲಿದ್ದರೆ ಬರೆಯುವುದು ಸುಲಭ. 'ಶಿಕ್ಷಕರಿಗೆ ಬೇರೆ ಕೆಲಸ ಕೊಡಬೇಡಿ' ಅನ್ನುವುದು ಗೊಣಗಾಟ. ಅದನ್ನೇ ಹೀಗೆ ಬರೆದು ನೋಡಿ: 'ನಮ್ಮ ಶಾಲೆಯಲ್ಲಿ 1ರಿಂದ 5ನೇ ತರಗತಿಯವರೆಗೆ ಮಕ್ಕಳಿದ್ದು, ಒಬ್ಬರೇ ಶಿಕ್ಷಕರಿದ್ದಾರೆ. ಕಳೆದ ತಿಂಗಳು ಅವರು ಬೇರೆ ಕೆಲಸಕ್ಕೆ ಹೋದ ದಿನಗಳ ಪಟ್ಟಿ, ಆದೇಶದ ಪ್ರತಿ ಸಮೇತ ಲಗತ್ತಿಸಿದೆ. ಕಾಯ್ದೆಯ ಅನುಸೂಚಿ ಪ್ರಕಾರ ಇಬ್ಬರು ಶಿಕ್ಷಕರು ಬೇಕು. ಕಾಯಂ ನೇಮಕ ಆಗುವವರೆಗೆ ಒಬ್ಬ ಅತಿಥಿ ಶಿಕ್ಷಕರನ್ನು ಈ ತಿಂಗಳ ಕೊನೆಯೊಳಗೆ ಕೊಡಬೇಕು, ಆಗದಿದ್ದರೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕು.' ಕೆಳಗೆ ಪೋಷಕರ ಸಹಿ. ಒಂದು ಪುಟ, ಒಂದೇ ಬೇಡಿಕೆ. ಹತ್ತು ಬೇಡಿಕೆ ಒಟ್ಟಿಗೆ ಹಾಕಿದರೆ ಅವರಿಗೆ ಯಾವುದು ಸುಲಭವೋ ಅದೊಂದನ್ನು ಮಾಡಿ ಫೈಲ್ ಮುಚ್ಚುತ್ತಾರೆ. ಪಟ್ಟಿ ಮಾಡುವಾಗ ಟೀಚರ ಮೇಲೆ ದೂರಿನ ಥರ ಕಾಣದ ಹಾಗೆ ನೋಡಿಕೊಳ್ಳಿ. ಇಲ್ಲದಿದ್ದರೆ ನಿಮ್ಮ ಕಡೆ ಇರಬೇಕಾದವರೇ ಎದುರು ಪಾರ್ಟಿ ಆಗಿಬಿಡುತ್ತಾರೆ.

ನನ್ನ ಪ್ರಕಾರ ಇದಕ್ಕಿಂತ ಗಟ್ಟಿ ದಾರಿ ಎಸ್‌ಡಿಎಂಸಿ. ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧ ಭಾಗ ಮಹಿಳೆಯರು ಇರಬೇಕು ಅಂತ ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ. ಶಾಲಾಭಿವೃದ್ಧಿ ಯೋಜನೆ ಮಾಡುವುದು ಅದರ ಕೆಲಸ ಅಂತ 22ನೇ ಸೆಕ್ಷನ್ ಹೇಳುತ್ತದೆ, ಸರ್ಕಾರದ ಅನುದಾನಕ್ಕೆ ಆ ಯೋಜನೆಯೇ ಆಧಾರ ಆಗಬೇಕು ಅಂತಲೂ ಇದೆ. ಎಷ್ಟೋ ಊರಲ್ಲಿ ಎಸ್‌ಡಿಎಂಸಿ ಅಂದರೆ ಆಗಸ್ಟ್ 15ಕ್ಕೆ ಧ್ವಜದ ಪಕ್ಕ ನಿಲ್ಲುವವರು, ಯೋಜನೆಗೆ ಸಹಿ ಹಾಕಿಸಿಕೊಂಡು ಹೋಗುವುದು, ಇಷ್ಟೇ ಆಗಿದೆ. ಸಹಿ ಹಾಕುವ ಮುಂಚೆ ಓದಿ. ಕಳೆದ ವರ್ಷದ್ದನ್ನೇ ತಾರೀಖು ಬದಲಿಸಿ ತಂದಿದ್ದರೆ ಅಲ್ಲೇ ಗೊತ್ತಾಗುತ್ತದೆ. ನಿಮ್ಮ ಬೇಡಿಕೆ ಆ ಯೋಜನೆಯೊಳಗೆ, ನಡಾವಳಿ ಪುಸ್ತಕದಲ್ಲಿ ಠರಾವಾಗಿ ಬರಬೇಕು. ಹಣಕಾಸು ವರ್ಷ ಮಾರ್ಚ್ 31ಕ್ಕೆ ಮುಗಿಯುವುದರಿಂದ ಈ ಕೆಲಸ ಡಿಸೆಂಬರ್‌ನೊಳಗೆ ಆಗಲಿ. ಪಂಚಾಯ್ತಿಯಿಂದ ಆಗಬೇಕಾದ ಕಾಂಪೌಂಡು, ನೀರು, ಶೌಚಾಲಯದ ವಿಷಯವನ್ನು ಗ್ರಾಮಸಭೆಯಲ್ಲಿ ಎತ್ತಿ. ಮಕ್ಕಳ ಗ್ರಾಮಸಭೆಯೂ ನಡೆಯುತ್ತದೆ, ಅಲ್ಲಿ ಹುಡುಗಿಯೊಬ್ಬಳು ಎದ್ದು ನಿಂತು ಶೌಚಾಲಯಕ್ಕೆ ಚಿಲಕ ಇಲ್ಲ ಅಂದರೆ ಅದಕ್ಕೆ ಎದುರು ಮಾತಾಡುವುದು ಅಧ್ಯಕ್ಷರಿಗೂ ಕಷ್ಟ.

ಹಳೆ ವಿದ್ಯಾರ್ಥಿಗಳು ಬೆಂಗಳೂರಿನಿಂದಲೋ ದುಬೈನಿಂದಲೋ ದುಡ್ಡು ಕಳಿಸುವುದಾದರೆ ಈ ಯೋಜನೆ ನೋಡಿ ಕಳಿಸಿ. ಇಲ್ಲದಿದ್ದರೆ ಎಲ್ಲರೂ ಸ್ಮಾರ್ಟ್ ಟಿವಿಯನ್ನೇ ಕೊಡುತ್ತಾರೆ.

ಇನ್ನು ರಾಜ್ಯ, ದೇಶದ ಮಟ್ಟದ ವಿಷಯ. ಕರಡು ನೀತಿ ಬಂದಾಗ ಸಾರ್ವಜನಿಕರ ಅಭಿಪ್ರಾಯ ಕೇಳುತ್ತಾರೆ, ನಾವು ಅದನ್ನು ಸುಮ್ನೆ ಶಾಸ್ತ್ರ ಅಂದುಕೊಳ್ಳುತ್ತೇವೆ. 2019ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಗೆ ಕಸ್ತೂರಿರಂಗನ್ ಸಮಿತಿಯ ಕರಡು ಹೊರಬಂತು, 484 ಪುಟ. ಅದರಲ್ಲಿ ಹಿಂದಿ ಕಲಿಕೆಯ ಬಗ್ಗೆ ಇದ್ದ ಒಂದೇ ಭಾಗದ ಮೇಲೆ ತಮಿಳುನಾಡು, ಕರ್ನಾಟಕದಿಂದ ವಿರೋಧ ಎದ್ದಿತು, ಕೆಲವೇ ದಿನಗಳಲ್ಲಿ ಆ ಭಾಗವನ್ನು ತಿದ್ದಿದರು. ರಾಜಕೀಯ ಒತ್ತಡ ಇತ್ತು, ನಿಜ. ಆದರೆ ಜನ ಬೊಟ್ಟು ಮಾಡಿದ್ದು ಇಡೀ ಪುಸ್ತಕಕ್ಕಲ್ಲ, ಇಂಥದ್ದೇ ಸಾಲಿಗೆ. ನಮ್ಮಲ್ಲೂ ಪ್ರೊ. ಸುಖದೇವ್ ಥೋರಟ್ ಆಯೋಗ 2025ರ ಆಗಸ್ಟ್‌ನಲ್ಲಿ ರಾಜ್ಯ ಶಿಕ್ಷಣ ನೀತಿಯ ವರದಿ ಕೊಟ್ಟಿದೆ, ದ್ವಿಭಾಷಾ ನೀತಿ, ಐದನೇ ತರಗತಿವರೆಗೆ ಕನ್ನಡ ಅಥವಾ ಮಾತೃಭಾಷೆಯಲ್ಲಿ ಪಾಠ ಅಂತೆಲ್ಲ ಅದರಲ್ಲಿದೆ. ಬೋಧನಾ ಮಾಧ್ಯಮದ ವಿಷಯ ಬರೆಯುವವರು 2014ರ ಸುಪ್ರೀಂ ಕೋರ್ಟ್ ತೀರ್ಪನ್ನು ಮೊದಲು ಓದಬೇಕು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯನ್ನೇ ಕಡ್ಡಾಯವಾಗಿ ಹೇರುವಂತಿಲ್ಲ ಅಂತ ಕರ್ನಾಟಕದ ಕೇಸಿನಲ್ಲೇ ಹೇಳಿದ್ದಾರೆ. ಆ ಗೋಡೆ ಇದ್ದೂ ಏನು ಮಾಡಬಹುದು ಅಂತ ಬರೆದರೆ ಓದುವವರಿಗೆ ಉಪಯೋಗ.

ಪತ್ರ ಕೊಟ್ಟ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಂಡೇ ಬನ್ನಿ, 'ಇಟ್ಟು ಹೋಗಿ, ನೋಡ್ತೀವಿ' ಅಂದರೂ ಬಿಡಬೇಡಿ. ಒಂದೂವರೆ ತಿಂಗಳಾದರೂ ಸದ್ದಿಲ್ಲದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ, ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. 'ಇಂಥ ತಾರೀಖಿನ ನಮ್ಮ ಪತ್ರದ ಮೇಲೆ ತೆಗೆದುಕೊಂಡ ಕ್ರಮ ಮತ್ತು ಟಿಪ್ಪಣಿ ಹಾಳೆಯ ಪ್ರತಿ ಕೊಡಿ' ಅಂತಷ್ಟೇ ಬರೆಯಿರಿ. 30 ದಿನದಲ್ಲಿ ಉತ್ತರ ಬರಬೇಕು, ಬರದಿದ್ದರೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಬಂದ ಟಿಪ್ಪಣಿ ಹಾಳೆಯಲ್ಲಿ ಫೈಲು ಯಾರ ಮೇಜಿನ ಮೇಲೆ ನಿಂತಿದೆ ಅಂತ ಗೊತ್ತಾಗುತ್ತದೆ, ಮುಂದಿನ ಪತ್ರ ಅವರಿಗೇ ಬರೆಯಿರಿ.