ವಿದೇಶಿ ಕರೆನ್ಸಿ ಅಳವಡಿಸಿಕೊಂಡ ದೇಶದ ಲಾಭನಷ್ಟ ಅಳೆಯುವುದು ಹೇಗೆ

ಯಾವುದಾದರೂ ದೇಶ ಸ್ವಂತ ಹಣವನ್ನು ಕೈಬಿಟ್ಟು ಡಾಲರನ್ನೋ ಯೂರೋವನ್ನೋ ತನ್ನದಾಗಿಸಿಕೊಂಡಾಗ ಅಲ್ಲಿನ ಜನಜೀವನ ಹೇಗೆ ಬದಲಾಯಿತೆಂದು ತಿಳಿಯಹೊರಟವರು ಸಾಮಾನ್ಯವಾಗಿ ಹಣದುಬ್ಬರದ ಅಂಕಿಗಳನ್ನು ಮೊದಲು ಹುಡುಕುತ್ತಾರೆ. ಅವು ಬೇಕು, ಆದರೆ ಮೊದಲಿಗಲ್ಲ. ಹಳೆಯ ಹಣ ಯಾವ ದಿನ, ಯಾವ ದರದಲ್ಲಿ ಬದಲಾಯಿತು, ಆ ದಿನ ಯಾರ ಉಳಿತಾಯ ಯಾವ ರೂಪದಲ್ಲಿತ್ತು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ.

ಈಕ್ವೆಡಾರನ್ನು ನೋಡಿ. 1999ರ ಆರಂಭದಲ್ಲಿ ಅಲ್ಲಿ ಒಂದು ಡಾಲರಿಗೆ ಆ ದೇಶದ ಹಳೆಯ ಹಣವಾದ ಸುಕ್ರೆ ಸುಮಾರು 7,000 ಇತ್ತು. ಬ್ಯಾಂಕುಗಳು ಕುಸಿಯತೊಡಗಿದ್ದರಿಂದ ಮಾರ್ಚಿನಲ್ಲಿ ಸರ್ಕಾರ ಠೇವಣಿಗಳನ್ನು ಯಾರೂ ಹಿಂಪಡೆಯದಂತೆ ಸ್ತಂಭನಗೊಳಿಸಿತು. 2000ದ ಜನವರಿ 9ರಂದು ಅಧ್ಯಕ್ಷ ಜಮೀಲ್ ಮಹುಆದ್ ಡಾಲರೀಕರಣವನ್ನು ಪ್ರಕಟಿಸಿದಾಗ ದರ 25,000 ಸುಕ್ರೆಗೆ ನಿಗದಿಯಾಯಿತು. ಸುಕ್ರೆಯಲ್ಲಿ ಕೂಡಿಟ್ಟ ಹಣ ಡಾಲರ್ ಲೆಕ್ಕದಲ್ಲಿ ಮುಕ್ಕಾಲಿಗೆ ಹತ್ತಿರದಷ್ಟು ಕರಗಿತ್ತು. ಕೈಯಲ್ಲಿ ಡಾಲರ್ ನೋಟು ಹಿಡಿದಿದ್ದವರಿಗೆ ಆ ಪೆಟ್ಟು ತಗಲಲಿಲ್ಲ, ಅದನ್ನೇ ಬ್ಯಾಂಕಿನಲ್ಲಿಟ್ಟಿದ್ದವರು ಮಾತ್ರ ಸ್ತಂಭನಕ್ಕೆ ಸಿಕ್ಕಿಬಿದ್ದರು. ಘೋಷಣೆಯಾದ ಹನ್ನೆರಡೇ ದಿನಕ್ಕೆ ಮಹುಆದ್ ಅಧಿಕಾರ ಕಳೆದುಕೊಂಡರು, ಆದರೆ ಡಾಲರ್ ಉಳಿಯಿತು. ಇಷ್ಟು ತಿಳಿದ ಮೇಲೆ ಹಣದುಬ್ಬರವನ್ನು ನೋಡಿದರೆ ಅದರ ಅರ್ಥವೇ ಬೇರೆ: ಡಾಲರ್ ಬಂದ 2000ದಲ್ಲೇ ಅದು ಶೇ 96ರ ಆಸುಪಾಸಿನಲ್ಲಿತ್ತು, ಏಕೆಂದರೆ ಒಳಗಿನ ಬೆಲೆಗಳು ಆಗಲೇ ಕುಸಿದಿದ್ದ ವಿನಿಮಯ ದರವನ್ನು ಹಿಂಬಾಲಿಸಿ ಏರುತ್ತಿದ್ದವು. ಅದು ಶೇ 3ರ ಕೆಳಗಿಳಿದದ್ದು 2004ರ ಹೊತ್ತಿಗೆ.

ಎರಡನೆಯದಾಗಿ, ಬಿಕ್ಕಟ್ಟಿನ ಪರಿಣಾಮವನ್ನು ಕರೆನ್ಸಿಯ ಪರಿಣಾಮದಿಂದ ಬೇರ್ಪಡಿಸಿ. ಇದಕ್ಕೆ ಎಲ್ ಸಾಲ್ವಡೋರ್ ನೆರವಾಗುತ್ತದೆ. 2001ರ ಜನವರಿ 1ರಂದು ಅದು ಡಾಲರಿಗೆ ಬಂದಾಗ ಅಲ್ಲಿ ಅಂಥ ಕುಸಿತವಿರಲಿಲ್ಲ, ಮತ್ತು ಡಾಲರಿಗೆ 8.75 ಕೊಲೋನ್ (ಅಲ್ಲಿನ ಸ್ವಂತ ಹಣ) ಎಂಬ ದರ ವರ್ಷಗಳಿಂದ ಸ್ಥಿರವಾಗಿತ್ತು. ಆದ್ದರಿಂದ ಈಕ್ವೆಡಾರಿನಲ್ಲಿ ಕಂಡ ನೋವನ್ನೆಲ್ಲ ಡಾಲರಿನ ತಲೆಗೆ ಕಟ್ಟುವುದು ತಪ್ಪು. ಅಮೆರಿಕದಲ್ಲಿ ದುಡಿಯುವವರು ಮನೆಗೆ ಕಳಿಸುವ ಹಣವನ್ನು ಎಲ್ ಸಾಲ್ವಡೋರಿನ ಕುಟುಂಬ ಇನ್ನು ವಿನಿಮಯ ಮಾಡಿಸಬೇಕಿಲ್ಲ ಎಂಬ ಅನುಕೂಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಚಿಲ್ಲರೆಯನ್ನು ಕಡೆಗಣಿಸಬೇಡಿ. ಅರ್ಥಶಾಸ್ತ್ರದ ಬರಹಗಳಲ್ಲಿ ಇದಕ್ಕೆ ಸಿಗುವ ಜಾಗ ತೀರಾ ಕಡಿಮೆ, ಆದರೆ ಬಡವರ ದಿನನಿತ್ಯದ ಅನುಭವ ಇರುವುದೇ ಇಲ್ಲಿ. 2009ರಲ್ಲಿ ಜಿಂಬಾಬ್ವೆ ವಿದೇಶಿ ಹಣಕ್ಕೆ ಹೊರಳಿದಾಗ ಡಾಲರ್ ನೋಟುಗಳು ಬಂದವು, ಸೆಂಟ್ ನಾಣ್ಯಗಳು ಸಾಕಷ್ಟು ಬರಲಿಲ್ಲ. ಅಂಗಡಿಗಳು ಚಿಲ್ಲರೆಯ ಬದಲು ಮಿಠಾಯಿ ಕೊಟ್ಟವು. 2014ರ ಕೊನೆಗೆ ಸರ್ಕಾರ ಅಮೆರಿಕನ್ ಸೆಂಟಿಗೆ ಸಮಾನ ಬೆಲೆಯ ‘ಬಾಂಡ್ ನಾಣ್ಯ’ಗಳೆಂಬ ಸ್ಥಳೀಯ ಚಿಲ್ಲರೆಯನ್ನು ಹೊರತರಬೇಕಾಯಿತು. ಈಕ್ವೆಡಾರ್ ತನ್ನದೇ ಸೆಂಟಾವೊ ನಾಣ್ಯಗಳನ್ನು ಟಂಕಿಸಿಕೊಂಡಿತು, ಪನಾಮದಲ್ಲಿ ಬಾಲ್ಬೋವಾ ನಾಣ್ಯಗಳು ಡಾಲರ್ ನೋಟಿನ ಜೊತೆಗೇ ಓಡಾಡುತ್ತವೆ.

ಆಮೇಲೆ, ದೇಶ ಬಿಟ್ಟುಕೊಟ್ಟದ್ದನ್ನು ಸಂಕಟದ ವರ್ಷವೊಂದರಲ್ಲಿ ಹುಡುಕಿ, ಏಕೆಂದರೆ ನೆಮ್ಮದಿಯ ವರ್ಷಗಳಲ್ಲಿ ಅದು ಕಾಣುವುದಿಲ್ಲ. ನೋಟು ಮುದ್ರಿಸಿ ಗಳಿಸುತ್ತಿದ್ದ ಆದಾಯ ಹೋಗುತ್ತದೆ, ಮುಳುಗುವ ಬ್ಯಾಂಕಿಗೆ ಕೇಂದ್ರ ಬ್ಯಾಂಕು ಬೇಕಾದಷ್ಟು ಹಣ ಸೃಷ್ಟಿಸಿ ಕೊಡಲಾರದು. ಅದಕ್ಕಿಂತ ಮುಖ್ಯವಾದುದು ವಿನಿಮಯ ದರ. 2014ರ ನಂತರ ಕಚ್ಚಾ ತೈಲದ ಬೆಲೆ ಬಿದ್ದಾಗ, ಈಕ್ವೆಡಾರಿನಂತೆಯೇ ತೈಲ ಮಾರುವ ನೆರೆಯ ಕೊಲಂಬಿಯಾದ ಪೆಸೊ ತಾನೂ ಇಳಿದು ಪೆಟ್ಟನ್ನು ಹಂಚಿಕೊಂಡಿತು. ಈಕ್ವೆಡಾರಿಗೆ ಆ ದಾರಿ ಇರಲಿಲ್ಲವಾದ್ದರಿಂದ 2015ರಲ್ಲಿ ಅದು ಆಮದಿನ ಮೇಲೆ ಹೆಚ್ಚುವರಿ ಸುಂಕ ಹಾಕಿತು, ಗಡಿಯಾಚೆ ಸರಕು ಅಗ್ಗವಾದದ್ದರಿಂದ ಅದರ ಜನ ಖರೀದಿಗೆ ಕೊಲಂಬಿಯಾದ ಇಪಿಯಾಲೆಸ್‌ಗೆ ಹೋದರು. ಇಂಥ ವರ್ಷದಲ್ಲಿ ಹೊಂದಾಣಿಕೆಯ ಭಾರ ಕೂಲಿ, ಉದ್ಯೋಗ ಮತ್ತು ಸರ್ಕಾರಿ ವೆಚ್ಚದ ಮೇಲೆ ಬೀಳುತ್ತದೆ. ಹೀಗಾಗಿ ಅಲ್ಲಿಯ ಕೂಲಿಯ ಅಂಕಿಗಳನ್ನೇ ಹೆಚ್ಚು ಹೊತ್ತು ನೋಡಬೇಕು.

ಸ್ವಂತ ಹಣಕ್ಕೆ ಮರಳುವ ದಿನವನ್ನೂ ಅದೇ ಮೊದಲ ಪ್ರಶ್ನೆಯಿಂದ ಪರೀಕ್ಷಿಸಿ. ಜಿಂಬಾಬ್ವೆ 2019ರ ಫೆಬ್ರವರಿಯಲ್ಲಿ ಹೊಸ ಸ್ಥಳೀಯ ಡಾಲರನ್ನು ತಂದಾಗ, ಜನ ಅಮೆರಿಕನ್ ಡಾಲರೆಂದೇ ಬರೆದಿಟ್ಟುಕೊಂಡಿದ್ದ ಬ್ಯಾಂಕಿನ ಶಿಲ್ಕುಗಳನ್ನು ಒಂದಕ್ಕೆ ಒಂದರಂತೆ ಆ ಹೊಸ ಹಣಕ್ಕೆ ಪರಿವರ್ತಿಸಲಾಯಿತು. ವಿನಿಮಯ ಮಾರುಕಟ್ಟೆಯಲ್ಲಿ ಅದೇ ಹೊತ್ತಿಗೆ ಒಂದು ಅಮೆರಿಕನ್ ಡಾಲರಿನ ಆರಂಭಿಕ ದರ 2.5 ಆಗಿತ್ತು.